ಕೈ ತೊದಲಿದಾಗ

ಮೊದಲು ತಪ್ಪಿದ್ದು ‘ಬಾಗಿಲು’ ಅನ್ನುವ ಮಾತು.

ಗುರುವಾರ ಸಂಜೆ ನಾಲ್ಕಕ್ಕೆ, ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತಿಗೆ ಸರಿಯಾಗಿ, ಅಕ್ಕ ಮೂರನೇ ಮಹಡಿಯ ವಾರ್ಡಿಗೆ ಬಂದಳು. ತಮ್ಮ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲೇ ಪಕ್ಕದ ಹಾಸಿಗೆಯ ಮುದುಕನ ಕತೆ ಶುರು ಮಾಡಿದ. ಆ ಮುದುಕ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಚಾಳಿ ಬಿಟ್ಟಿಲ್ಲ; ಸಂಜೆ ಜನ ಬರುವಾಗ ವಾಕರ್ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತು, ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದು ಎಲ್ಲರನ್ನೂ ತಳ್ಳುತ್ತಾನಂತೆ.

ತಮ್ಮ ಇದನ್ನೆಲ್ಲ ಹೇಳಿದ್ದು ಕೈಯಲ್ಲಿ. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸದು. ಅಕ್ಕ ತಮ್ಮ ಇಬ್ಬರೂ ಸೇರಿ ಸಣ್ಣವರಿದ್ದಾಗ ಕಟ್ಟಿಕೊಂಡ ಸನ್ನೆಗಳು ಅರ್ಧ, ಆಮೇಲೆ ಅವನು ಶಾಲೆಯಲ್ಲಿ ಕಲಿತು ಬಂದು ಅವಳಿಗೂ ಕಲಿಸಿದ್ದು ಅರ್ಧ. ಆ ಭಾಷೆಯಲ್ಲಿ ಅವನಂಥ ವಾಚಾಳಿ ಇನ್ನೊಬ್ಬನಿರಲಿಲ್ಲ.

ಎರಡು ಅಂಗೈ ಜೋಡಿಸಿ ಒಂದನ್ನು ತೆರೆದರೆ ಬಾಗಿಲು. ಕತೆಯಲ್ಲಿ ಬಾಗಿಲು ಬಂತು. ಆಮೇಲೆ ಕಿಟಕಿ ಬರಬೇಕಿತ್ತು. ಮತ್ತೆ ಬಾಗಿಲೇ ಬಂತು. ಟಿಕೆಟ್ ಹರಿಯಬೇಕಾದ ಜಾಗದಲ್ಲೂ ಬಾಗಿಲು. ಮೂರನೇ ಸಲ ತೆರೆದ ಕೈ ಮಣಿಕಟ್ಟಿನಲ್ಲಿ ಸಡಿಲಾಗಿ ಕೆಳಗೆ ಬಿದ್ದು ಮತ್ತೆ ಮೇಲೆದ್ದಿತು.

"ಏನಂದೆ?" ಎಂದು ಅವಳೂ ಕೈಯಲ್ಲೇ ಕೇಳಿದಳು.

"ಏನಿಲ್ಲ" ಎಂದ. ನಕ್ಕ. ಕತೆ ಅಲ್ಲಿಗೇ ನಿಂತಿತು. ಅವನ ಕತೆ ಅರ್ಧಕ್ಕೆ ನಿಂತದ್ದನ್ನು ಅವಳು ನಲವತ್ತು ವರ್ಷದಲ್ಲಿ ನೋಡಿರಲಿಲ್ಲ.

ಅವನು ಬಡಗಿ. ಕಪಾಟಿನ ಬಾಗಿಲು ಕೂರಿಸಿದರೆ ನಡುವೆ ಕಾಗದ ತೂರಿಸಲೂ ಆಗದು ಎಂದು ಗಿರಾಕಿಗಳು ಹೇಳುತ್ತಿದ್ದರು. ಒಂದು ಗುಟುಕು ಕುಡಿದವನಲ್ಲ. ಯಾವಾಗಲೋ ರಕ್ತಕ್ಕೆ ಸೇರಿದ ವೈರಸ್ಸು ಸದ್ದಿಲ್ಲದೆ ಅವನ ಲಿವರ್ ತಿಂದುಹಾಕಿತ್ತು. ಹೊಟ್ಟೆ ಉಬ್ಬಿ, ಕಾಲು ಊದಿ, ದೊಡ್ಡಾಸ್ಪತ್ರೆಯಲ್ಲಿ ತಿಂಗಳು ಕಳೆದ ಮೇಲೆ ಅದೇ ಆವರಣದ ಈ ಕಟ್ಟಡಕ್ಕೆ ಕಳಿಸಿದ್ದರು. ಇಲ್ಲಿ ಎದ್ದು ನಿಲ್ಲುವುದನ್ನು, ಮೆಟ್ಟಿಲು ಹತ್ತುವುದನ್ನು ಹೊಸದಾಗಿ ಕಲಿಸುತ್ತಾರೆ. ಬಂದು ಮೂರು ವಾರವಾಗಿತ್ತು. ಸೋಮವಾರ ಮನೆಗೆ ಬಿಡುವುದೆಂದು ಆಗಿತ್ತು.

ಅಕ್ಕನಿಗೆ ಕೆಲಸ ಬಟ್ಟೆ ಫ್ಯಾಕ್ಟರಿಯ ಬೆಳಗಿನ ಪಾಳಿಯಲ್ಲಿ. ಹೊಲಿದು ಬಂದ ಶರ್ಟುಗಳನ್ನು ಬಿಳಿ ದೀಪದ ಕೆಳಗೆ ಹರಡಿ ತಪ್ಪು ಹುಡುಕುವುದು. ಒಂದು ಹೊಲಿಗೆ ಹಾರಿದ್ದರೂ ಅವಳ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಬಿದ್ದು ಎದ್ದ ಆ ಕೈಯೇ ಕಣ್ಣಿಗೆ ಕಟ್ಟಿತ್ತು.

ಶುಕ್ರವಾರ ಇನ್ನೊಂದಾಯಿತು. ತಮ್ಮ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿಟ್ಟಿದ್ದ. ಮೂಗಿನ ತುದಿಯಲ್ಲಿ ಕನ್ನಡಕ ಜಾರಿಸಿದರೆ ಹಿರಿಯ ನರ್ಸು. ಪೆನ್ನು ಕಚ್ಚಿದರೆ ಡಾಕ್ಟರು. ಹೊಟ್ಟೆ ಸವರಿಕೊಂಡರೆ ಅಕ್ಕನ ಗಂಡ, ಅಂದರೆ ಅವನ ಭಾವ. ಕಾಲರ್ ಚಿವುಟಿದರೆ ಅಕ್ಕ. ಅವತ್ತು ಅವಳು ಹೋದಾಗ ನಿದ್ದೆಯಲ್ಲಿದ್ದ. ಹಗಲು ಹೊತ್ತು ಮಲಗುವವನೇ ಅಲ್ಲ. ಭುಜ ತಟ್ಟಿ ಎಬ್ಬಿಸಿದಳು. ಅವಳ ಮುಖ ನೋಡಿ, ಮೂಗಿನ ಮೇಲೆ ಕನ್ನಡಕ ಜಾರಿಸಿದ.

ತಮಾಷೆ ಮಾಡುತ್ತಿದ್ದಾನೆಂದು ಅವಳು ನಕ್ಕಳು. ಅವನು ನಗಲಿಲ್ಲ. ಯಾಕೆ ನಗುತ್ತಾಳೆಂದು ನೋಡುತ್ತಾ ಕೂತ.

ಅವಳು ಎದ್ದು ನೇರ ಹಿರಿಯ ನರ್ಸಿನ ಮೇಜಿಗೆ ಹೋದಳು.

"ಸಿಸ್ಟರ್, ನನ್ನ ತಮ್ಮ ಯಾಕೋ ಸರಿ ಇಲ್ಲ. ಮಾತು ತಪ್ತಿದೆ."

ನರ್ಸು ಒಳ್ಳೆಯವರೇ. ಬರೆಯುತ್ತಿದ್ದುದನ್ನು ನಿಲ್ಲಿಸಿ ತಲೆಯೆತ್ತಿದರು. "ಮಾತು ಅಂದ್ರೆ? ಅವರು ಮಾತಾಡಲ್ವಲ್ಲ."

"ಕೈ ಮಾತು. ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳ್ತಿದಾನೆ."

"ನೋಡಿ, ನಿಮ್ಮ ತಮ್ಮನಷ್ಟು ಸಮಾಧಾನದ ಪೇಷೆಂಟ್ ನಮ್ಮ ವಾರ್ಡಲ್ಲೇ ಇಲ್ಲ. ಇವತ್ತು ನಲವತ್ತು ಹೆಜ್ಜೆ ನಡೆದಿದಾರೆ. ದಿನಾ ಬೆಳಿಗ್ಗೆ ಬರೆದು ತೋರಿಸಿ ಕೇಳ್ತೀವಿ, ಹುಷಾರಾಗಿದೀರಾ, ಔಷಧಿ ತಗೊಂಡ್ರಾ, ಎಲ್ಲಿದೀರಿ ಗೊತ್ತಾ ಅಂತ. ಎಲ್ಲಕ್ಕೂ ತಲೆ ಆಡಿಸ್ತಾರೆ."

ಕಿವಿ ಕೇಳುವವರ ಮುಂದೆ ತಲೆ ಆಡಿಸುವುದು ಅವನಿಗೆ ಶಾಲೆಗೆ ಹೋದ ಕಾಲದಿಂದ ಬಂದ ಅಭ್ಯಾಸ. ಅರ್ಥವಾದರೂ ಆಡಿಸುತ್ತಾನೆ, ಆಗದಿದ್ದರೂ ಆಡಿಸುತ್ತಾನೆ. ಹಾಗೆ ಮಾಡಿದರೆ ಜನ ಬೇಗ ಸುಮ್ಮನಾಗುತ್ತಾರೆ. ಅದನ್ನು ನರ್ಸಿಗೆ ಹೇಗೆ ಹೇಳುವುದೆಂದು ಅವಳು ಹುಡುಕುವಷ್ಟರಲ್ಲಿ ಫೋನು ಬಂತು, ನರ್ಸು ಎದ್ದು ಹೋದರು.

ಮನೆಯಲ್ಲಿ ಗಂಡ ಕೇಳಿಸಿಕೊಂಡ. ಕೇಳಿಸಿಕೊಂಡು ಅಂದ, "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಶರ್ಟಲ್ಲಿ ತಪ್ಪು ಹುಡುಕ್ತೀಯ. ಆ ಕಣ್ಣನ್ನ ಫ್ಯಾಕ್ಟರಿಲೇ ಬಿಟ್ಟು ಬಾ ಅಂತ ಎಷ್ಟು ಸಲ ಹೇಳಿಲ್ಲ. ಎರಡು ತಿಂಗಳು ಹಾಸಿಗೆ ಹಿಡಿದವನು, ಸುಸ್ತಿರಲ್ವಾ?"

"ಸುಸ್ತಾದ್ರೆ ಅಕ್ಕನ ಹೆಸರು ಮರೀತಾರಾ?"

ಸುಸ್ತೇ ಇರಬಹುದೇನೋ ಎಂದು ಅವಳಿಗೂ ಒಂದು ಗಳಿಗೆ ಅನಿಸಿತು. ಸೋಮವಾರ ಮನೆಗೆ ಬಂದರೆ ಎಲ್ಲ ಸರಿಹೋದೀತು. ಬಂದ ಮೇಲೆ ಸರಿಹೋಗದಿದ್ದರೆ? ಮನೆ ಪಕ್ಕದ ತನ್ನ ಕೆಲಸದ ಶೆಡ್ಡಿಗೆ ಹೋಗಿ ಮೋಟಾರಿನ ಗರಗಸದ ಮುಂದೆ ನಿಂತರೆ? ಅನ್ನದ ತಟ್ಟೆ ಮುಂದಿಟ್ಟುಕೊಂಡು ಅವಳು ತನ್ನ ಕೈ ನೋಡುತ್ತಾ ಕೂತಳು.

ಶನಿವಾರ ಅರ್ಧ ದಿನ ರಜೆ ಹಾಕಿ ಹನ್ನೊಂದಕ್ಕೇ ಹೋದಳು. ಬೆಳಗಿನ ಹೊತ್ತು ಮನೆಯವರನ್ನು ಬಿಡುವುದಿಲ್ಲ; ಬಾಗಿಲಲ್ಲಿ ನಿಂತಿದ್ದ ಕಂಡಕ್ಟರೇ, "ನಮ್ಮ ಕಡೆಯವರು, ಬಿಡಿ" ಎಂದು ಕಾವಲುಗಾರನಿಗೆ ಹೇಳಿ ಒಳಗೆ ಬಿಡಿಸಿದ. ವರಾಂಡದಲ್ಲಿ ತಮ್ಮನನ್ನು ನಡೆಸುತ್ತಿದ್ದರು. ನಡೆಸುವ ಫಿಸಿಯೋ ಎತ್ತರದ ಹುಡುಗಾಟದ ಮನುಷ್ಯ. ಅವಳನ್ನು ಕಂಡು ಹೇಳಿದ, "ನಿಮ್ಮ ತಮ್ಮ ಈಗ ನನ್ನ ಜೊತೆನೂ ಭಾರಿ ಮಾತು ಶುರು ಮಾಡಿದಾರೆ. ಕೈ ಒಂದು ನಿಮಿಷ ಸುಮ್ನಿರಲ್ಲ. ನನಗೇನು ಗೊತ್ತಾಗುತ್ತೆ, ಹೂಂ ಹೂಂ ಅಂತೀನಿ. ಈಗ ಏನು ಹೇಳ್ತಿದಾರೆ ನೋಡಿ ಸ್ವಲ್ಪ."

ತಮ್ಮ ಕಂಬಿ ಹಿಡಿಯಲು ಎರಡೂ ಕೈ ಮುಂದೆ ಚಾಚಿದ್ದ. ಚಾಚಿದ ಕೈ ಮಣಿಕಟ್ಟಿನಲ್ಲಿ ಬೀಳುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ಹಕ್ಕಿ ಹಾರಲಾಗದೆ ರೆಕ್ಕೆ ಬಡಿದ ಹಾಗೆ.

"ಏನೂ ಹೇಳ್ತಿಲ್ಲ" ಎಂದಳು. "ಅದು ಮಾತಲ್ಲ."

ಫಿಸಿಯೋನ ನಗು ಹೋಯಿತು. ಅವನು ಕುರ್ಚಿ ತಂದು ತಮ್ಮನನ್ನು ಕೂರಿಸಿದ. ಡಾಕ್ಟರು ರೌಂಡ್ಸ್ ಮುಗಿಸಿ ದೊಡ್ಡ ಕಟ್ಟಡಕ್ಕೆ ಹೋಗಿದ್ದರು, ಬರುವುದು ಸಂಜೆಗೆ. "ಸ್ಪೀಚ್ ಮೇಡಂ ಇದಾರೆ, ಆದ್ರೆ ಅವರು ಈಗ ಹೊರಟ್ರು ಅನ್ಸುತ್ತೆ" ಎಂದ. ಅವನ ಮಾತು ಮುಗಿಯುವ ಮೊದಲೇ ಅಕ್ಕ ಲಿಫ್ಟಿನ ಕಡೆ ಓಡಿದ್ದಳು.

ಸ್ಪೀಚ್ ಮೇಡಂ ಅಂದರೆ ಲಕ್ವ ಹೊಡೆದವರಿಗೆ ಮಾತು ಕಲಿಸುವಾಕೆ. ಬ್ಯಾಗು ಹೆಗಲಿಗೆ ಹಾಕಿ ಲಿಫ್ಟಿನ ಒಳಗೆ ನಿಂತಿದ್ದರು. ಅಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನನಗೆ ಸನ್ನೆ ಭಾಷೆ ಬರಲ್ವಲ್ಲಮ್ಮ" ಎಂದರು ಎಲ್ಲ ಕೇಳಿ.

"ಬರೋದು ಬೇಡ ಮೇಡಂ. ಎರಡೇ ನಿಮಿಷ ನೋಡಿ ಸಾಕು."

ಅವಳ ಫೋನಿನಲ್ಲಿ ಆರು ತಿಂಗಳ ಹಿಂದಿನ ವಿಡಿಯೋ ಇತ್ತು. ಶೆಡ್ಡಿನಲ್ಲಿ, ಮರದ ಪುಡಿ ಮೆತ್ತಿದ ಅಂಗಿಯಲ್ಲಿ, ಯಾರೋ ಗಿರಾಕಿ ಕಪಾಟನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಬಾಗಿಲು ಸರಿಯಿಲ್ಲವೆಂದು ಜಗಳಕ್ಕೆ ಬಂದದ್ದನ್ನು ತಮ್ಮ ಹೇಳುತ್ತಿದ್ದ. ಕೈ ಮಿಂಚುತ್ತಿತ್ತು, ಹುಬ್ಬು, ಭುಜ, ಗಲ್ಲ ಎಲ್ಲ ಸೇರಿ ಮಾತಾಡುತ್ತಿದ್ದವು. ಅದು ಮುಗಿದೊಡನೆ ನಿನ್ನೆ ತಾನೇ ತೆಗೆದ ಇನ್ನೊಂದನ್ನು ತೋರಿಸಿದಳು. ಮೇಡಂ ಹೊರಗೆ ಬಂದು ಎರಡನ್ನೂ ಇನ್ನೊಂದು ಸಲ ನೋಡಿದರು. ಲಿಫ್ಟು ಅವರನ್ನು ಬಿಟ್ಟು ಕೆಳಗೆ ಹೋಯಿತು.

"ಒಂದು ಪದಾನೂ ಗೊತ್ತಾಗ್ಲಿಲ್ಲ" ಎಂದರು. "ಆದ್ರೆ ಎರಡನೇದ್ರಲ್ಲಿ ಇವರು ತೊದಲ್ತಿದಾರೆ."

ಎರಡು ದಿನದಿಂದ ಯಾರೂ ಹೇಳದ ಮಾತು. ಅಕ್ಕನಿಗೆ ಅಳು ಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಮೇಡಂ ಬಂದು ತಮ್ಮನ ಎದುರು ಕೂತು, ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. "ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳೋಕೆ ಹೇಳಿ. ನೀವು ಸಹಾಯ ಮಾಡಬಾರದು. ಬಂದ ಹಾಗೇ ನನಗೆ ಹೇಳ್ತಾ ಹೋಗಿ."

"ನಾಯಿ" ಎಂದಳು ಅಕ್ಕ, ಅವನ ಕೈ ನೋಡುತ್ತಾ. "ಬೆಕ್ಕು. ಹಸು. ನಾಯಿ. ಕುದುರೆ."

ಕುದುರೆಯ ಬಳಿ ಕೈ ನಿಂತುಬಿಟ್ಟಿತು. ಲಗಾಮು ಹಿಡಿದ ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು. ಅವನು ಆ ಕೈಯನ್ನು ನೋಡಿದ, ಯಾರದೋ ಕೈ ಎಂಬಂತೆ. ಆನೆ ಹೇಳೋ, ಇಲಿ ಹೇಳೋ ಎಂದು ಅಕ್ಕ ಒಳಗೊಳಗೇ ಬೇಡಿಕೊಂಡಳು. ಆನೆಯ ಸನ್ನೆ ಅವನಿಗೆ ನಾಲ್ಕು ವರ್ಷವಾಗಿದ್ದಾಗ ಅವಳೇ ಕಲಿಸಿದ್ದು. ತನ್ನ ಕೈಯೇ ತಾನಾಗಿ ಎದ್ದುಬಿಡುತ್ತದೋ ಎಂದು ಎರಡೂ ಕೈ ತೊಡೆಯ ಕೆಳಗೆ ಒತ್ತಿ ಕೂತಳು.

"ನಾಯಿ" ಎಂದಳು ಕೊನೆಗೆ. ನಿಮಿಷ ಮುಗಿಯಿತು.

ಮೇಡಂ ಎರಡು ಕೈ ಮುಂದೆ ಚಾಚಿ, ನಿಲ್ಲು ಎನ್ನುವ ಹಾಗೆ ಅಂಗೈ ಮೇಲೆತ್ತಿ, ಹೀಗೆ ಹಿಡಿ ಎಂದು ತೋರಿಸಿದರು. ಅವನು ಹಿಡಿದ. ಕೈ ಬಿತ್ತು, ಎದ್ದಿತು. ಮೇಡಂ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. "ಸಂಜೆಗಲ್ಲ, ಈಗ ಬನ್ನಿ" ಎಂದರು.

ಡಾಕ್ಟರು ಹತ್ತು ನಿಮಿಷದಲ್ಲಿ ಬಂದರು. ಚಾಚಿದ ಕೈ ನೋಡಿದರು, ಕಣ್ಣು ನೋಡಿದರು, ಚಾರ್ಟು ತಿರುವಿದರು. "ಲಿವರ್ ಸೋಸಬೇಕಾದ ವಿಷ ಸೋಸದೆ ಮೆದುಳಿಗೆ ಹತ್ತಿದೆ" ಎಂದು ಅಕ್ಕನಿಗೆ ಹೇಳಿದರು. "ಹಾಗಾಗಬಾರದು ಅಂತಲೇ ಆ ಸಿಹಿ ಸಿರಪ್ ಕೊಡೋದು. ಹೊಟ್ಟೆ ಸಡಿಲ ಮಾಡಿ ಹೊರಗೆ ಹಾಕುತ್ತೆ. ಮೂರು ಹೊತ್ತೂ ಕೊಟ್ಟಿದೆ ಅಂತ ಬರೆದಿದೆ. ಕೇಳಿ ಅವರನ್ನ, ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತಿದಾರೆ?"

ಅಕ್ಕ ಕೇಳಿದಳು. ತಮ್ಮ ತಲೆ ಆಡಿಸಿದ.

"ತಲೆ ಆಡಿಸಬೇಡ. ಸಿರಪ್ ಕುಡೀತಿದೀಯಾ?"

ಅವನು ಕಿಟಕಿಯ ಕಡೆ ತಿರುಗಿದ. ಅವನು ಮುಖ ತಿರುಗಿಸಿದರೆ ಮಾತು ಮುಗಿಯಿತು. ನೋಡದವನಿಗೆ ಏನು ಹೇಳುವುದೂ ಸಾಧ್ಯವಿಲ್ಲ.

ಪಕ್ಕದ ಹಾಸಿಗೆಯಲ್ಲಿ ಕಂಡಕ್ಟರ್ ಕೆಮ್ಮಿದ. "ಅಮ್ಮಾ, ಹೇಳಬಾರದು ಅಂತಿದ್ದೆ. ಅವನ ಹೊಟ್ಟೆಗೆ ಅದು ಹೋಗಿ ಆರು ದಿನ ಆಯ್ತು. ಆ ಬೇಸಿನ್ನು ಕುಡೀತಿದೆ."

ಎಲ್ಲರೂ ಅವನ ಕಡೆ ನೋಡಿದರು. ಮುದುಕ ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆ ತೋರಿಸಿದ. "ನಾವು ಬೆಲ್ ಒತ್ತಿದ್ರೆ ಅದರೊಳಗಿಂದ ಸಿಸ್ಟರ್ ಕೇಳ್ತಾರೆ, ಏನು ಬೇಕು ಅಂತ. ನಾನು ಹೇಳ್ತೀನಿ, ಬರ್ತಾರೆ. ಇವನು ಒತ್ತಿದ್ರೂ ಕೇಳ್ತಾರೆ. ಇವನೇನು ಹೇಳ್ತಾನೆ? ಎರಡು ಸಲ ಕೇಳಿ, ಕೈ ತಾಗಿರಬೇಕು ಅಂತ ಆಫ್ ಮಾಡ್ತಾರೆ. ನಾನಿದ್ರೆ ಕೂಗ್ತೀನಿ. ಹೋದ ಭಾನುವಾರ ನಾನು ಸ್ಕ್ಯಾನಿಂಗಿಗೆ ಹೋಗಿದ್ದೆ. ಒಬ್ಬನೇ ಎದ್ದು ಹೋಗಬಾರದು ಅಂತ ಬೇರೆ ಹೇಳಿದಾರೆ. ಹಾಸಿಗೆಯಲ್ಲೇ ಆಗಿಹೋಯ್ತು. ಬಟ್ಟೆ ಬದಲಾಯಿಸೋಕೆ ಬಂದ ಆಯಾ ಏನಂದ್ಲೋ, ಕೇಳಿಸಲ್ಲ ನಿಜ, ಮುಖ ಕಾಣಿಸುತ್ತಲ್ಲ. ಅವತ್ತಿಂದ ಚೆಲ್ಲೋಕೆ ಶುರು ಮಾಡಿದ. ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡ. ಗಂಡಸಿನ ಮಾನ ಅಂತ ಸುಮ್ಮನಿದ್ದೆ. ಇಷ್ಟಾಗುತ್ತೆ ಅಂತ ನನಗೇನಮ್ಮ ಗೊತ್ತು."

ಹಿರಿಯ ನರ್ಸು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅಕ್ಕ ಅವರನ್ನು ಬೈಯಬೇಕೆಂದುಕೊಂಡಳು, ಆಗಲಿಲ್ಲ. ಮೂರು ವಾರದಿಂದ ದಿನಾ ಎರಡು ಗಂಟೆ ಅವಳು ಆ ಪೆಟ್ಟಿಗೆಯ ಕೆಳಗೇ ಕೂತಿದ್ದಳು. ಅದು ಎಷ್ಟೋ ಸಲ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳು. ತಮ್ಮನಿಗೆ ಅದು ಬರೀ ಪೆಟ್ಟಿಗೆ ಎಂಬುದು ಹೊಳೆದೇ ಇರಲಿಲ್ಲ.

ಅವನನ್ನು ಕೂಡಲೇ ದೊಡ್ಡ ಕಟ್ಟಡಕ್ಕೆ ಒಯ್ದರು. ಎನಿಮಾ ಕೊಟ್ಟರು, ಮೂಗಿನಿಂದ ನಳಿಗೆ ಇಳಿಸಿ ಅದರಲ್ಲಿ ಔಷಧಿ ಬಿಟ್ಟರು. ಆ ಸಂಜೆ ಅವಳು ಕಂಡ ತಮ್ಮ ಅವಳಿಗೆ ಗುರುತು ಹತ್ತುವಂತಿರಲಿಲ್ಲ. ಹೊದಿಕೆಯ ಅಂಚನ್ನು ಕೀಳುತ್ತಿದ್ದ. ಅವಳು ಕಾಲರ್ ಚಿವುಟಿ ತೋರಿಸಿದರೆ ನೋಟ ಅವಳನ್ನು ದಾಟಿ ಗೋಡೆಗೆ ಹೋಗುತ್ತಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಪ್ರಜ್ಞೆ ತಪ್ಪಿ ಬಿಡುತ್ತಿತ್ತು ಎಂದು ಡಾಕ್ಟರು ಹೇಳಿದರು. ಇನ್ನೆರಡು ದಿನವೆಂದರೆ ಸೋಮವಾರ, ಮನೆಗೆ ಬಿಡುವ ದಿನ.

ಭಾನುವಾರವಿಡೀ ಅವಳೂ ಗಂಡನೂ ವರಾಂಡದ ಬೆಂಚಿನ ಮೇಲೆ ಕೂತರು. ಗಂಡ, "ನಾನು ಹಾಗನ್ನಬಾರದಿತ್ತು" ಎಂದ. "ಏನನ್ನಬಾರದಿತ್ತು?" ಎಂದಳು. ನಿಜಕ್ಕೂ ಅವಳಿಗೆ ನೆನಪಿರಲಿಲ್ಲ. ಅವಳ ತಲೆಯಲ್ಲಿ ಒಂದೇ ಓಡುತ್ತಿತ್ತು: ಕಿವಿ ಕೇಳುವವನ ಮಾತು ಹೋದರೆ ಬರೆದಾದರೂ ತೋರಿಸಿಯಾನು. ಇವನ ಕೈಯೇ ಹೋದರೆ?

ಸೋಮವಾರ ಮಧ್ಯಾಹ್ನ ಒಳಗೆ ಕರೆದರು. ತಮ್ಮ ದಿಂಬಿಗೊರಗಿ ಕೂತಿದ್ದ. ನಳಿಗೆ ಇನ್ನೂ ಮೂಗಿನಲ್ಲಿತ್ತು. ಅವಳನ್ನು ನೋಡಿ ಕಾಲರ್ ಚಿವುಟಿದ, ಮೆಲ್ಲಗೆ. ಆಮೇಲೆ, "ಭಾವ ಎಲ್ಲಿ? ಊಟಕ್ಕೆ ಹೋದ್ರಾ?" ಎಂದು ಹೊಟ್ಟೆ ಸವರಿದ.

ಬುಧವಾರದ ಹೊತ್ತಿಗೆ ಅವನು ಮತ್ತೆ ಹಳೇ ವಾರ್ಡಿನಲ್ಲಿದ್ದ. ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡ. ತಿಳಿದ ಮೇಲೆ ಅವಳ ಮೇಲೆ ಹರಿಹಾಯ್ದ.

"ನನ್ನ ಹಾಸಿಗೆ ವಿಷಯ ಇಡೀ ವಾರ್ಡಿನ ಮುಂದೆ ಆಡಿಸಿದೆ. ನನ್ನ ಕೈ ತೊದಲೋದನ್ನ ಫೋನಲ್ಲಿ ಹಿಡಿದು ಕಂಡೋರಿಗೆಲ್ಲ ತೋರಿಸಿದೆ. ನನ್ನನ್ನ ಒಂದು ಮಾತು ಕೇಳಿದೆಯಾ?"

"ಕೇಳಿದ್ರೆ ಹೇಳೋ ಸ್ಥಿತೀಲಿ ಇದ್ದೆಯಾ ನೀನು?"

"ಹಾಸಿಗೇಲಿ ಆದ ಭಾನುವಾರ ಕೇಳಿದ್ರೆ ಹೇಳ್ತಿದ್ದೆ. ಮಾರನೇ ದಿನ ಕೇಳಿದ್ರೂ ಹೇಳ್ತಿದ್ದೆ. ದಿನಾ ಬಂದು ಹೆಜ್ಜೆ ಎಷ್ಟು ನಡೆದೆ ಅಂತ ಕೇಳಿದೆ. ಇಲ್ಲಿ ಹೇಗಿದೀಯ ಅಂತ ಕೇಳ್ಲಿಲ್ಲ."

ಕೈ ಎಷ್ಟು ವೇಗವಾಗಿ ಓಡಿತೆಂದರೆ ಕೊನೆಯ ಮಾತನ್ನು ಹಿಡಿಯಲು ಅವಳು ಬಾಗಬೇಕಾಯಿತು. ಅದು ಚುಚ್ಚಿತು, ಸರಿಯಾಗಿಯೇ ಚುಚ್ಚಿತು. ಅಷ್ಟಾದರೂ ಬೈಗುಳದ ಒಂದು ಅಕ್ಷರವೂ ತಪ್ಪಿಲ್ಲವಲ್ಲ ಎಂದು ಅವಳ ಮನಸ್ಸು ಆಚೆ ಬದಿಯಲ್ಲಿ ಲೆಕ್ಕ ಹಾಕುತ್ತಿತ್ತು. "ತಪ್ಪಾಯ್ತು" ಎಂದಳು. ಅವನು ಇನ್ನೂ ಸ್ವಲ್ಪ ಹೊತ್ತು ಬೈದ.

ಸ್ಪೀಚ್ ಮೇಡಂ ಓಡಾಡಿ ಅವನ ಬೆಲ್ಲಿಗೆ ನರ್ಸುಗಳ ಮೇಜಿನಲ್ಲಿ ಕೆಂಪು ದೀಪ ಹಾಕಿಸಿದರು. ದೀಪದ ಪಕ್ಕ ‘ಕೇಳಬೇಡಿ, ಬನ್ನಿ’ ಎಂಬ ಚೀಟಿ ಅಂಟಿತು. ದಿನಾ ಮಧ್ಯಾಹ್ನ ಕಾಲು ಗಂಟೆ ನರ್ಸುಗಳಿಗೆ ಪಾಠ, ಮೇಷ್ಟ್ರು ತಮ್ಮನೇ. ಕಟ್ಟುನಿಟ್ಟಿನ ಮೇಷ್ಟ್ರು. ಹಿರಿಯ ನರ್ಸು ‘ಪಾಯಿಖಾನೆಗೆ ಹೋಗಬೇಕಾ’ ಎಂದು ಕೇಳಲು ಹೋಗಿ ‘ಮದುವೆ ಮಾಡ್ಕೋತೀಯಾ’ ಎಂದು ಕೇಳಿಬಿಟ್ಟ ದಿನ ಅವನು ಮಂಚದ ಮೇಲೆ ಹೊರಳಾಡಿ ನಕ್ಕ. ಬೈದಿದ್ದ ಆಯಾ ಹಿಂದಿನ ಸಾಲಿನಲ್ಲಿ ಕೂತು, ‘ನೋವು’, ‘ನೀರು’, ‘ತಪ್ಪಾಯ್ತು’ ಮೂರನ್ನು ಕಲಿತಳು.

ಮನೆಗೆ ಬಂದ ಮೇಲೂ ಅಕ್ಕನ ಭಯ ಇಳಿಯಲಿಲ್ಲ. ಇದು ಮತ್ತೆ ಬರಬಹುದು, ಬರುತ್ತಲೇ ಇರಬಹುದು, ಮೊದಲ ಗುರುತು ಕಂಡಾಗಲೇ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೋಟಾರಿನ ಗರಗಸಕ್ಕೆ ಭಾವ ಬೀಗ ಹಾಕಿದ. ಕೈ ಉಳಿ, ಸುತ್ತಿಗೆ ಮಾತ್ರ, ಅದೂ ಅರ್ಧ ದಿನ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಕ್ಕ ಏನಾದರೂ ನೆಪ ತೆಗೆದು ಅವನನ್ನು ಮಾತಿಗೆಳೆಯುತ್ತಿದ್ದಳು. ಅವನು ಹೇಳುತ್ತಿದ್ದರೆ ಕಣ್ಣು ಮಾತಿನ ಮೇಲಿರದೆ ಮಣಿಕಟ್ಟಿನ ಮೇಲಿರುತ್ತಿತ್ತು.

"ಕೇಳ್ತಿದೀಯಾ, ಶರ್ಟು ಚೆಕ್ ಮಾಡ್ತಿದೀಯಾ?" ಎಂದ ಒಂದು ದಿನ.

"ಎರಡೂ."

ಐದನೇ ವಾರದ ಮಂಗಳವಾರ. ಅವನು ಶೆಡ್ಡಿನಿಂದ, ನಿನ್ನೆ ಬಂದ ಮರ ಹಸಿಯಾಗಿದೆ, ವಾಪಸ್ ಕಳಿಸಬೇಕು ಎಂದು ಹೇಳುತ್ತಾ ಬಂದ. ಅವಳು ನೋಡಿದಳು. ಬೆರಳು ಚುರುಕಾಗಿತ್ತು, ಮಣಿಕಟ್ಟು ಗಟ್ಟಿಯಾಗಿತ್ತು. ಸಮಾಧಾನವಾಗಿ ಚೀಲ ಹೆಗಲಿಗೇರಿಸಿದಳು. ಅವನು ಅವಳ ತೋಳು ಹಿಡಿದು ನಿಲ್ಲಿಸಿದ.

"ಅಕ್ಕಾ, ಇವತ್ತು ನನ್ನ ಕೈ ಸರಿ ಇಲ್ಲ. ಇದೊಂದು" ಎಂದು ಮೇಜಿನ ಮೇಲಿದ್ದ ಮೊಳೆ ಎತ್ತಿ ತೋರಿಸಿದ, "ಇದಕ್ಕೆ ಏನಂತೀವಿ ಅನ್ನೋದು ಸಿಗ್ತಿಲ್ಲ. ಹುಡುಕಿ ಹುಡುಕಿ ಸಾಕಾಯ್ತು. ಹೋಗೋಣ ನಡಿ."

ಅವಳಿಗೆ ಏನೂ ಕಂಡಿರಲಿಲ್ಲ. ಚೀಲ ಹಾಗೇ ಹೆಗಲಲ್ಲಿಟ್ಟುಕೊಂಡು, ಫ್ಯಾಕ್ಟರಿಗೆ ಬರುವುದಿಲ್ಲವೆಂದು ಫೋನು ಮಾಡಿ, ಅವನ ಜೊತೆ ಹೊರಟಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಸಣ್ಣಗೆ ಶುರುವಾಗಿದೆ, ಅಡ್ಮಿಟ್ ಬೇಡ, ಸಿರಪ್ ಒಂದು ಹೊತ್ತು ಜಾಸ್ತಿ ಮಾಡಿ, ನಾಳೆ ಮತ್ತೆ ತೋರಿಸಿ ಎಂದರು. ಔಷಧಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ಅವಳು ಕೇಳಿದಳು, "ಯಾವಾಗಿನಿಂದ ಹಾಗಾಗ್ತಿತ್ತು?"

"ನಿನ್ನೆ ಸಂಜೆಯಿಂದ."

"ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ಒಂದು ರಾತ್ರಿನಾದ್ರೂ ನೀನು ಸರಿಯಾಗಿ ನಿದ್ದೆ ಮಾಡ್ಲಿ ಅಂತ."

"ಇನ್ನೊಂದು ಸಲ ಹಾಗೆ ಮಾಡಿದ್ರೆ ನೋಡು" ಎಂದಳು. ಅವಳ ಕೈಯೇ ತೊದಲಿತು. ಅವನು ಅದನ್ನು ನೋಡಿದ, ಅವಳ ಚೀಲ ತನ್ನ ಹೆಗಲಿಗೆ ಹಾಕಿಕೊಂಡ. ಸಾಲು ಮುಂದೆ ಹೋಯಿತು.